ಆಮೆ ದೀಪ

ಬಿಣಗಾ ಏರಿನಲ್ಲಿ ಮೊದಲು ಹತ್ತಿದ್ದು ಅದು:
ಹಳದಿ ಆಮೆ, ಹೆಬ್ಬೆರಳ ಉಗುರಿನಷ್ಟು,
ಸ್ಪೀಡೋಮೀಟರಿನ ಪಕ್ಕ.
ಹಿಂದಿನ ಸೀಟಿನಲ್ಲಿ ಶಿರವಾಡ ಸ್ಟೇಶನ್ನಿಗೆ ಹೊರಟ ಮೂವರು,
ಮಂಗಳೂರು ಗಾಡಿಗೆ ಇಪ್ಪತ್ತೇ ನಿಮಿಷ.
ಬ್ಯಾಟರಿ ಶೇಕಡಾ ಎಂಬತ್ತೊಂದು.
ಒತ್ತಿದೆ. ಒತ್ತಿದಷ್ಟೂ ಅದು ಆಮೆಯೇ.
ಆಮೇಲೆ ಅದೂ ಇಲ್ಲ.

ಕರೆಂಟಿಗೆ ನಮ್ಮಲ್ಲಿ ಬರವೇ? ಕೈಗಾ ಬೆನ್ನಿಗೇ ಇದೆ.
ಹೊಟ್ಟೆ ತುಂಬಿದ ಗಾಡಿ,
ಕಾಲು ಮಾತ್ರ ಬಿದ್ದುಹೋಗಿದೆ.

ವಾರದ ಹಿಂದೆಯೇ ಇನಾಸ ಹೇಳಿದ್ದ.
ಕೋಡಿಬಾಗದ ಗ್ಯಾರೇಜಿನಲ್ಲಿ, ಟ್ರಾಲರ್ ಇಂಜಿನ್ನುಗಳ ನಡುವೆ,
ಸ್ಕ್ರೂಡ್ರೈವರಿನ ತುದಿ ಗಾಡಿಯ ಅಡಿಗೆ ಊರಿ ಹಿಡಿಯನ್ನು ಕಿವಿಗಿಟ್ಟು
ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ್ದ.
"ಬೇರಿಂಗ್ ಅಳ್ತಾ ಅದೆ ಮಾರಾಯ.
ಬಿಚ್ಚೋಕೆ ಬಿಟ್ರೆ ಎಂಟುನೂರರ ಸಾಮಾನು, ಒಂದು ಮಧ್ಯಾಹ್ನದ ಕೆಲಸ."
"ಸೀಲ್ ಒಡೆದರೆ ವಾರಂಟಿ ಹೋಯ್ತು" ಅಂದೆ.
"ಹಾಗಾದ್ರೆ ಅಳಲಿ" ಅಂದ, ಬೀಡಿ ಹಚ್ಚಿದ.

ಅರಬೈಲು ಘಟ್ಟವನ್ನು ಅದು ಇನ್ನೊಂದರ ಬೆನ್ನ ಮೇಲೆ ಹತ್ತಿತು.
ಡೀಸೆಲ್ ಲಾರಿ.
ಹುಬ್ಬಳ್ಳಿಯ ಗಾಜಿನ ಕೋಣೆಯಲ್ಲಿ ಟೈ ಕಟ್ಟಿದ ಹುಡುಗ
ಕಾಫಿ ಕೊಟ್ಟ. ಒಳ್ಳೆಯವನೇ.
ಡ್ರೈವ್ ಯುನಿಟ್ಟೇ ಹೋಗಿದೆ ಸರ್, ರಿಪೇರಿ ಅಂತ ಇರೋದಿಲ್ಲ, ಬದಲಿಯೇ.
ಪೂರಾ ಫ್ರೀ.
ಸ್ಟಾಕ್ ಇಲ್ಲ.
ಯಾವಾಗ? ಎರಡು ವಾರ.
ಎರಡು ವಾರ ಕಳೆದ ಮೇಲೆ, ಆರು ವಾರ.
ಮತ್ತೆ ಕೇಳಿದರೆ: ನಿಮ್ಮ ಹಾಗೇ ಹದಿನಾಲ್ಕು ಮಂದಿ ಕ್ಯೂನಲ್ಲಿದ್ದಾರೆ ಸರ್,
ಅಂತ ಸಮಾಧಾನ.

ಕಂತು ಮಾತ್ರ ಐದನೇ ತಾರೀಖಿಗೆ ತಪ್ಪದೆ ಬರುತ್ತದೆ.
ಅದರ ದಾರಿಯಲ್ಲಿ ಯಾವ ಘಟ್ಟವೂ ಇಲ್ಲ.

ಹಾಗಾಗಿ ಈ ಕೆಲಸ: ದೇವಬಾಗದ ದಂಡೆಯಲ್ಲಿ ರಾತ್ರಿ ಕಾವಲು,
ಅರಣ್ಯ ಇಲಾಖೆಯ ದಿನಗೂಲಿ.
ನನ್ನ ಪಾಲಿಗೆ ಬಂದದ್ದು ಗೂಡು ಹದಿನೇಳು.
ಬಿದಿರ ಗೂಟ, ಹಸಿರು ಬಲೆ, ತಗಡಿನ ಚೀಟಿ:
ನೂರಾ ಎಂಟು ಮೊಟ್ಟೆ, ಇಟ್ಟದ್ದು ಜನವರಿ ಇಪ್ಪತ್ತೇಳು.
ನನ್ನ ಜಾಬ್ ಕಾರ್ಡಿಗಿಂತ ಎರಡು ದಿನ ಕಿರಿದು.
ಇಟ್ಟವಳು ತಿರುಗಿ ನೋಡಿಲ್ಲ,
ಎಲ್ಲಿಗೂ ಫೋನು ಮಾಡಿ ಕೇಳಿಲ್ಲ.

ನರಿ ಬಂದರೆ ಕೋಲು ಕುಟ್ಟುವುದು, ನಾಯಿಗೆ ಕಲ್ಲು,
ಬೆಳಗಾದರೆ ಹುಬ್ಬಳ್ಳಿಗೆ ಫೋನು.
ಪ್ರಮೀಳಾ ಡಬ್ಬಿಯಲ್ಲಿ ಗಂಜಿ, ಒಣಶೆಟ್ಲಿ ಚಟ್ನಿ ಕಟ್ಟುತ್ತಾಳೆ.
ಮೊದಮೊದಲು ಕೇಳುತ್ತಿದ್ದಳು: "ಬಂತಾ?"
ಈಗ ಗೂಡಿನ ಬಗ್ಗೆ ಕೇಳುತ್ತಾಳೆ,
ಅದೇ ದನಿಯಲ್ಲಿ.

ಐವತ್ತೊಂದನೇ ರಾತ್ರಿ ಮರಳು ಕುಸಿಯಿತು, ಒಂದು ಬೊಗಸೆಯಷ್ಟು.
ಮೊದಲು ಒಂದು ಮೂಗು.
ಆಮೇಲೆ ಕುದಿ ಬಂದ ಗಂಜಿಯ ಹಾಗೆ
ಎಲ್ಲವೂ ಒಟ್ಟಿಗೆ ಉಕ್ಕಿದವು.
ಗಾರ್ಡ್ ಉಮಾಕಾಂತ ಪಿಸುಗುಟ್ಟಿದ: ಟಾರ್ಚು ಬೇಡ, ಬೀಡಿ ಬೇಡ,
ಬೆಳಕು ಕಂಡ ಕಡೆಗೇ ಹೋಗ್ತವೆ,
ಸಮುದ್ರ ಅಂದ್ಕೊಂಡು.

ಆಗಲೇ ಜೇಬಿನಲ್ಲಿ ಫೋನು ನಡುಗಿತು.
ಅಭ್ಯಾಸ. ತೆಗೆದೆ.
"ಪ್ರಿಯ ಗ್ರಾಹಕರೇ, ನಿಮ್ಮ ಡ್ರೈವ್ ಯುನಿಟ್..."
ಇಷ್ಟು ಕಂಡಿತು.
ಅಷ್ಟರಲ್ಲಿ ಹತ್ತಿಪ್ಪತ್ತು ಮರಿಗಳು ದಿಕ್ಕು ಬಿಟ್ಟು
ಹುಟ್ಟಿನಂಥ ಪುಟ್ಟ ಕೈ ಬಡಿಯುತ್ತ
ನನ್ನ ಅಂಗೈ ಕಡೆಗೆ ಹೊರಳಿದ್ದವು.

ಫೋನನ್ನು ಬೋರಲು ಮರಳಿಗೆ ಒತ್ತಿದೆ.
ಮೇಲೆ ಎರಡು ಹಿಡಿ ಎಳೆದೆ.
ಕತ್ತಲಾಯಿತು.
ಅವು ತುಸು ಹೊತ್ತು ಸುಮ್ಮನೆ ನಿಂತವು,
ಇಂಥದ್ದನ್ನು ನಾನು ಬಲ್ಲೆ,
ಆಮೇಲೆ ಒಂದು, ಅದರ ಹಿಂದೆ ಇನ್ನೊಂದು,
ನೀರಿನ ಕಡೆಗೆ.
ನೂರಾ ಮೂರರವರೆಗೆ ಎಣಿಸಿದೆ.

ಮರಳೊಳಗೆ ಅದು ಮತ್ತೊಮ್ಮೆ ನಡುಗಿತು.