ಅರ್ಧ ಟಿಕೆಟ್

ಹನ್ನೊಂದು ವರ್ಷದಿಂದ ನನ್ನ ಕೆಲಸ
ಕಂಡವರ ಮಕ್ಕಳ ವಯಸ್ಸು ಕೇಳುವುದು.
ಶಿವಮೊಗ್ಗ ಬಿಟ್ಟ ಬಸ್ಸು ಗಾಜನೂರು ಮುಟ್ಟುವುದರೊಳಗೆ
ಎಷ್ಟು ಸುಳ್ಳು ನನ್ನ ಕಿವಿಗೆ ಬೀಳುತ್ತದೆ ಗೊತ್ತೇ?

'ಇನ್ನೂ ಐದು ತುಂಬಿಲ್ಲ ಕಂಡಕ್ಟ್ರೇ,
ಎತ್ತರ ಅಷ್ಟೇ, ಅವರಪ್ಪನ ಹಾಗೆ.'
ಐದು ತುಂಬದ ಆ ಹುಡುಗ
ಕಿಟಕಿಗೆ ಮೂಗು ಒತ್ತಿ
ರಸ್ತೆ ಬದಿಯ ಬೋರ್ಡು ಒಂದನ್ನೂ ಬಿಡದೆ ಓದುತ್ತಾನೆ:
'ಸಿ-ಮೆಂ-ಟು ಮತ್ತು ಹೆಂ-ಚು!'
ಸೆರಗು ಹೋಗಿ ಅವನ ಬಾಯಿ ಮುಚ್ಚುತ್ತದೆ.

ಕೆಲವರು ಮಾನವಂತರು.
ಅಮ್ಮ 'ಐದು' ಅನ್ನುವಷ್ಟರಲ್ಲಿ
ಸೀಟಿನ ಮೇಲೇ ಎದ್ದು ನಿಲ್ಲುತ್ತಾರೆ:
'ನಂಗೆ ಆರು! ಹಲ್ಲು ಬೇರೆ ಬಿದ್ದಿದೆ, ನೋಡಿ.'
ನೋಡುತ್ತೇನೆ.
ಕದ ಕಿತ್ತ ಬಾಗಿಲಲ್ಲಿ
ಹೊಸ ಬಾಡಿಗೆದಾರನಂತೆ ಇಣುಕುವ ನಾಲಿಗೆ.
ಅಂಥವರಿಗೆ ಟಿಕೆಟ್ ಹರಿಯಲು ನನ್ನ ಕೈ ಏಳುವುದಿಲ್ಲ.
(ಮಾಲೀಕರ ಕಣ್ಣಿಗೆ ಇದು ಬೀಳದಿರಲಿ.)

ನಮ್ಮ ಮನೆಯಲ್ಲೊಂದು ಕಟ್ಟಳೆಯಿದೆ:
ಮಗು ಮಗುಚಿದರೆ ಕಡುಬು,
ಹೊಸಿಲು ದಾಟಿದರೆ ಪಾಯಸ,
ಹೆಜ್ಜೆ ಇಟ್ಟರೆ ಹೋಳಿಗೆ.
ಎಲ್ಲವೂ ನನಗೆ ಸಿಕ್ಕಿದ್ದು
ರಾತ್ರಿ ಹತ್ತಕ್ಕೆ, ತಟ್ಟೆ ಮುಚ್ಚಿಟ್ಟು, ತಣ್ಣಗೆ.

ಚಾರ್ವಿ ಮಗುಚಿದಾಗ
ನಾನು ಮಂಡಗದ್ದೆಯಲ್ಲಿ ಯಾರಿಗೋ ಚಿಲ್ಲರೆ ಹುಡುಕುತ್ತಿದ್ದೆ.
ಅವಳು ಮೊದಲ ಸಲ 'ಅಪ್ಪ' ಅಂದದ್ದು
ಗೂಟಕ್ಕೆ ನೇತು ಹಾಕಿದ್ದ ಖಾಕಿ ಅಂಗಿಗೆ.
ಮೋಕ್ಷಿತನ ವಿಷಯ ಫೋನಿನಲ್ಲಿ ಬಂತು.
ಇಂಜಿನ್ನಿನ ಸದ್ದಿಗೆ ನನಗೆ 'ಕಲ್ಲು' ಅಂತ ಕೇಳಿಸಿತು.
'ಯಾವ ಕಲ್ಲೇ? ಎಲ್ಲಿ ಬಂತೇ?' ಅಂತ ಕೂಗಿದೆ.
ಇಡೀ ಬಸ್ಸು ತಿರುಗಿ ನೋಡಿತು.
ಎಲೆ ಅಡಿಕೆ ಜಗಿಯುತ್ತಿದ್ದ ಅಜ್ಜಿಯೊಬ್ಬಳು
'ಹಲ್ಲಿರಬೇಕು ಕಣೋ ತಮ್ಮಾ' ಅಂದಳು.
ಹಲ್ಲೇ ಆಗಿತ್ತು.

ಈ ಭಾನುವಾರ ನನಗೆ ರಜೆ.
ಗೋಪಾಳದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ
ಒಂದು ಬಸ್ಸು ಹೊರಟು ನಿಂತಿತ್ತು:
ಎರಡು ಪ್ಲಾಸ್ಟಿಕ್ ಕುರ್ಚಿ, ಕಾಲು ಕುಂಟುವ ಸ್ಟೂಲು,
ಬೋರಲು ಹಾಕಿದ ಬಟ್ಟೆಯ ಟಬ್ಬು.
ಚಾರ್ವಿ ಡ್ರೈವರು. ಇಡ್ಲಿ ತಟ್ಟೆ ಸ್ಟಿಯರಿಂಗು.
ಹಾರನ್ನು ಅವಳ ಗಂಟಲು,
ಪಕ್ಕದ ಮನೆಯ ನಾಯಿಗೆ ಅದು ಹಿಡಿಸಲಿಲ್ಲ.
ಜಲಜಾಕ್ಷಿ ಟಬ್ಬಿನ ಮೇಲೆ ಕೂತು ಸೊಪ್ಪು ಬಿಡಿಸುತ್ತ
'ಸಕ್ರೆಬೈಲಲ್ಲಿ ನಿಲ್ಸಮ್ಮ, ಆನೆಗೆ ಕೊಡಬೇಕು' ಅಂದಳು.

ಕಂಡಕ್ಟರು ನಾನು ಅಂತ ಎದ್ದೆ.
'ನಿಂಗೆ ರಜೆ, ಕೂತ್ಕೋ. ಕಂಡಕ್ಟ್ರು ಅವನು.'

ಅವನು ಗೋಡೆ ಹಿಡಿದು ನಿಂತಿದ್ದ.
ಹದಿಮೂರು ತಿಂಗಳು.
ಕೊರಳಲ್ಲಿ ನನ್ನ ಚರ್ಮದ ಚೀಲ, ಮೊಣಕಾಲಿನ ತನಕ.
'ಟಿಕೆಟ್ ಕೇಳೋ!'
'ತಿ.'
ಐದರ ನಾಣ್ಯ ಮುಂದೆ ಚಾಚಿದೆ.
ಅವನು ನಾಣ್ಯ ನೋಡಿದ. ನನ್ನನ್ನು ನೋಡಿದ.
ಗೋಡೆ ಬಿಟ್ಟ.

ಓಲಾಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ
ಹನ್ನೊಂದು ವರ್ಷ ನಡೆದವನು
ನಿಂತ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ.
'ಬ್ರೇಕ್ ಹಾಕೇ,' ಡ್ರೈವರಿಗೆ ಪಿಸುಗುಟ್ಟಿದೆ.
ಅವಳು ಹಾಕಿದಳು, ಕೀ...ಚ್ ಅಂತ ಬಾಯಲ್ಲೇ.

ಒಂದು.
ಚೀಲ ಎಡಕ್ಕೆ ಎಳೆಯಿತು, ಅವನು ಬಲಕ್ಕೆ.
ಎರಡು, ಮೂರು,
ನಾಲ್ಕನೆಯದು ಹೆಜ್ಜೆಯಲ್ಲ, ಬೀಳುವುದು;
ಬಿದ್ದದ್ದು ನನ್ನ ಮಡಿಲಿಗೆ.
ನಾಣ್ಯ ಬಾಯಿಗೆ ಹೋಗುತ್ತಿತ್ತು, ಜಲಜಾಕ್ಷಿ ಕಸಿದಳು.
ಒಳಗೆ ಕುಕ್ಕರ್ ಸೀಟಿ ಹೊಡೆಯಿತು.
'ರೈಟ್!' ಅಂದೆವು ನಾನೂ ಡ್ರೈವರೂ ಒಟ್ಟಿಗೆ.

ಬಸ್ಸು ಮತ್ತೆ ಹೊರಟ ಮೇಲೆ
ಚಾರ್ವಿ ಸ್ಟಿಯರಿಂಗ್ ತಿರುಗಿಸುತ್ತಲೇ ಹೇಳಿದಳು,
'ನಿನ್ನೆ ಐದು ಹೆಜ್ಜೆ ನಡೆದಿದ್ದ, ಅಲ್ವಾಮ್ಮ?'

'ಛೆ, ಇಲ್ಲಪ್ಪ. ಇವತ್ತೇ ಮೊದಲು,'
ಅಂದಳು ಜಲಜಾಕ್ಷಿ, ಸೊಪ್ಪಿನಿಂದ ತಲೆ ಎತ್ತದೆ.
ಆ ದನಿ ನನಗೆ ಚೆನ್ನಾಗಿ ಗೊತ್ತು.
ಇನ್ನೂ ಐದು ತುಂಬಿಲ್ಲ ಕಂಡಕ್ಟ್ರೇ.

ಕುಕ್ಕರಿನಲ್ಲಿ ಬೆಳಗಿನಿಂದಲೇ
ಕಡಲೆಬೇಳೆ ಯಾಕೆ ಇತ್ತೆಂದು ನಾನು ಕೇಳಲಿಲ್ಲ.
ಮಧ್ಯಾಹ್ನ ಹೋಳಿಗೆ ಕಾವಲಿಯಿಂದ ನೇರ ತಟ್ಟೆಗೆ ಬಂತು.
ಅವಸರಕ್ಕೆ ಕೈ ಹಾಕಿ
ಬೆರಳು ಸುಟ್ಟುಕೊಂಡೆ.