ನಡುವಿನ ಮುಳ್ಳು

ಹಳೆಯದು ಸತ್ತದ್ದು ಜುಲೈ ತಿಂಗಳ ನೀರಿನಲ್ಲಿ.
ಕುರ್ಲಾದ ನಮ್ಮ ಓಣಿಗೆ ಮೊಣಕಾಲುದ್ದ ಬಂದ ನೀರು
ಮಂಚದ ಕೆಳಗಿನ ಚೀಲವನ್ನೇ ಮೊದಲು ಹುಡುಕಿತು.
ಚಾರ್ಜರ್ ಮಾತ್ರ ಮೊಳೆಗೆ ನೇತಾಡುತ್ತಿತ್ತು
ಛತ್ರಿಯ ಪಕ್ಕ, ಒಣಗಿಕೊಂಡು,
ಸತ್ತವರು ತನಗೇನೂ ಆಗಬೇಕಿಲ್ಲ ಎನ್ನುವ ಹಾಗೆ.

ಈಗ ಬಂದಿರುವುದು ಸೆಕೆಂಡ್‌ಹ್ಯಾಂಡ್. ಅದೇ ಕಂಪನಿ.
ಚಾರ್ಜರ್ ಬೇಕಾದರೆ ಹದಿನೆಂಟುನೂರು ಬೇರೆ, ಅಂದ ಮಾರಿದವನು.
ಮನೆಯಲ್ಲಿದೆ, ಅಂದೆ.
ಇದೆಯಲ್ಲ.

ಆದರೂ ಮೂರು ದಿನ ಚುಚ್ಚಲಿಲ್ಲ.
ಯಾಕೆಂದರೆ ಅದನ್ನು ಬರೆದವಳು ನಾನೇ:
'ತಯಾರಕರು ಒದಗಿಸಿದ ಅಡಾಪ್ಟರನ್ನು ಮಾತ್ರ ಬಳಸತಕ್ಕದ್ದು.'
ಮಿಕ್ಸರಿಗೆ ಬರೆದಿದ್ದೇನೆ, ಹಲ್ಲುಜ್ಜುವ ಯಂತ್ರಕ್ಕೆ,
ತೊಟ್ಟಿಲು ತೂಗುವ ಮೋಟಾರಿಗೆ,
ಇಂಗ್ಲಿಷಿನಿಂದ ಕನ್ನಡಕ್ಕೆ, ಪದಕ್ಕೆ ಅರವತ್ತು ಪೈಸೆ.
ಯಾರೂ ಓದದ ಸಣ್ಣ ಅಕ್ಷರಗಳ ಲೇಖಕಿ ನಾನು.
ಓದಿದವಳೂ ನಾನೊಬ್ಬಳೇ ಇರಬೇಕು, ಹೆದರಿದವಳೂ.

ಟ್ಯೂಬ್‌ಲೈಟಿನ ಕೆಳಗೆ ಆ ಕರಿ ಇಟ್ಟಿಗೆಯನ್ನು ಹೊರಳಿಸಿ ನೋಡಿದೆ.
ಹತ್ತೊಂಬತ್ತೂವರೆ ವೋಲ್ಟು.
ಲ್ಯಾಪ್‌ಟಾಪಿನ ಬೆನ್ನ ಮೇಲೂ ಹತ್ತೊಂಬತ್ತೂವರೆ.
ಆಂಪಿಯರಿನ ಜಾಗದಲ್ಲಿ ಸವೆದು ಸವೆದು
ಮೂರೋ ಎಂಟೋ ತಿಳಿಯದ ಒಂದು ಗೀರು.
ಕೆಳಗೆ ಚಿತ್ರಗಳು:
ಕಾಟು ಹಾಕಿದ ಕಸದ ಬುಟ್ಟಿ, ಎಸೆಯಬೇಡ.
ಹೆಬ್ಬೆರಳಿನ ಉಗುರಿನಷ್ಟು ಮನೆ, ಮನೆಯೊಳಗೆ ಮಾತ್ರ.
ಒಡೆದ ಬಳೆ, ನಡುವೆ ಬೊಟ್ಟು:
ಒಳಗೆ ಧನ, ಹೊರಗೆ ಋಣ.
ನನ್ನ ಪಾಸ್‌ಬುಕ್ಕಿಗಿಂತ ವಾಸಿ.

ಮೇಲಿನ ಖೋಲಿಯ ಹಾಜರಾಬಿ, ರಾಣೆಬೆನ್ನೂರಿನಾಕಿ,
ಮೆಟ್ಟಿಲ ಮೇಲೆ ಕುಂತು ಮೆಂತ್ಯೆ ಬಿಡಿಸುತ್ತ ಅಂದಳು:
'ಹೊಂದತೈತೋ ಇಲ್ಲೋ ಹಚ್ಚಿ ನೋಡಬೇಕವಾ,
ಬರೇ ದಿಟ್ಟಿಸಿ ನೋಡಿದ್ರ ಹೊಂದತೈತೇನು?'

ಹಚ್ಚಿದೆ.
ಪಿನ್ನು ಹೊಕ್ಕಿತು, ಬಿಗಿಯಿಲ್ಲ, ಸಡಿಲಿಲ್ಲ.
ದೀಪ ಹತ್ತಿತು. ಉಸಿರು ಬಿಡುವಷ್ಟರಲ್ಲಿ
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ:
ಈ ಅಡಾಪ್ಟರ್ ಯಾರೆಂದು ತಿಳಿಯುತ್ತಿಲ್ಲ.
ಬ್ಯಾಟರಿ ತುಂಬಲಾಗದು.
(ಅನುವಾದ ನನ್ನದು. 'ಯಾವ ಬಗೆಯದೆಂದು' ಅನ್ನಬೇಕಿತ್ತು.
ಕೈ ಜಾರಿತು.)

ಲ್ಯಾಮಿಂಗ್ಟನ್ ರಸ್ತೆ. ಮೆಟ್ಟಿಲ ಕೆಳಗಿನ ಗೂಡು.
ವೆಂಗುರ್ಲೇಕರ್ ಕಾಕಾ ಪಿನ್ನನ್ನು ಕಣ್ಣಿಗೆ ಹಿಡಿದರು,
ಮೀಟರಿನ ಕೆಂಪು ಕಡ್ಡಿ ಒಳಗೆ, ಕಪ್ಪು ಕಡ್ಡಿ ಹೊರಗೆ.
'ಕರೆಂಟು ಚೊಕ್ಕ ಇದೆ ಬಾಯಿ, ಏನೂ ಆಗಿಲ್ಲ.
ನಡುವೆ ನೋಡು, ಕೂದಲಿನಂಥ ಮುಳ್ಳು.
ಅದು ಕೆಲಸಕ್ಕಲ್ಲ, ಬರೀ ಹೆಸರು ಹೇಳುವುದಕ್ಕೆ.
ಒಳಗೆಲ್ಲೋ ಎಳೆ ಕಡಿದಿದೆ.
ಆ ಕಡೆಯವನು ಕೇಳ್ತಾನೆ, ಇದು ಸುಮ್ಮನಿರುತ್ತೆ.
ಸುಮ್ಮನಿದ್ದರೆ ಅವನು ನಂಬೋದಿಲ್ಲ.'

ನಕ್ಕೆ. ಯಾಕೆಂದು ಕಾಕಾನಿಗೆ ತಿಳಿಯಲಿಲ್ಲ.

ಹೋದ ವರ್ಷ, ಮುಲುಂಡಿನ ಒಂದು ಸೊಸೈಟಿ.
ಖೋಲಿ ಹಿಡಿಸಿತ್ತು, ಕಿಟಕಿಗೆ ಬೇವಿನ ಟೊಂಗೆ,
ಡಿಪಾಸಿಟ್ಟಿನ ಲಕೋಟೆ ಕೈಯಲ್ಲೇ ಇತ್ತು.
ಪೂರಾ ಹೆಸರು? ಕೇಳಿದ ಕಾರ್ಯದರ್ಶಿ.
ದಾವಲಬಿ ನದಾಫ, ಅಂದೆ.
ಅವನು ಪೆನ್ನಿಗೆ ಟೋಪಿ ಹಾಕಿದ.
ಅವತ್ತು ಮುಳ್ಳು ಕೆಟ್ಟಿರಲಿಲ್ಲ.
ಕೇಳಿದ ಕೂಡಲೇ ಹೇಳಿತ್ತು, ಒಂದಕ್ಷರ ತಪ್ಪದೆ.

'ಹೊಸದು ತಗೋ, ಇಲ್ಲ ಹೀಗೇ ನಡೆಸು,' ಅಂದರು ಕಾಕಾ.
'ನಡೆಯುತ್ತೆ. ನಿಧಾನ. ತುಂಬೋದಿಲ್ಲ, ಅಷ್ಟೆ.
ಗೋಡೆಯಿಂದ ಕಿತ್ತರೆ ಅಲ್ಲೇ ಹೋಗುತ್ತೆ.'
ದುಡ್ಡು ಬೇಡವೆಂದರು. ಚಹಾ ಬೇಡವೆನ್ನಲಿಲ್ಲ.

ಈಗ ಗೋಡೆಗೆ ಅಂಟಿ ಕೂತು ಕೆಲಸ.
ಸಾಲಿಗೊಮ್ಮೆ ಸೇವ್ ಒತ್ತುತ್ತೇನೆ;
ಹಾಜರಾಬಿ ಇಸ್ತ್ರಿ ಹಚ್ಚಿದರೆ ಫ್ಯೂಜಿನ ಭಯ.
ಇವತ್ತಿನದು ಬೆನ್ನು ಒತ್ತುವ ಯಂತ್ರದ ಕೈಪಿಡಿ,
ಪುಟ ನಾಲ್ಕು, ಎಚ್ಚರಿಕೆಗಳು.
ಬಂತು ಮತ್ತೆ ಆ ಸಾಲು.
ಒಂದಕ್ಷರ ಬದಲಿಸದೆ ಹೊಡೆದೆ,
ಐದು ಪದ, ಮೂರು ರೂಪಾಯಿ.

ಕಾಲಿನ ಹತ್ತಿರ ಇಟ್ಟಿಗೆ ಬೆಚ್ಚಗಿದೆ.