ಕಾಲು ಪಾವು ಉದ್ದು

ಮೂರು ತಿಂಗಳಿಂದ ನಮ್ಮ ಊಟದ ತಟ್ಟೆಗಳ ನಡುವೆ
ಒಂದು ಕಂಪ್ಯೂಟರು ಕೂತಿದೆ, ಇನ್ನೂ ಬಾರದ್ದು.
ಭಾಂಡುಪಿನ ಚಾಳು, ಹತ್ತು ಬೈ ಹನ್ನೆರಡರ ಕೋಣೆ,
ಅದಕ್ಕೂ ಒಂದು ಮೂಲೆ ಗುಡಿಸಿಟ್ಟಾಗಿದೆ.

ಹಣ: ಭಿಶಿಯಲ್ಲಿ ಎತ್ತಿದ ನಲವತ್ತು ಸಾವಿರ,
ಮೆಡಿಕಲ್ ಶಾಪಿನಲ್ಲಿ ಸಂಜೆಯೆಲ್ಲ ನಿಂತು
ಜೀವಿತಾ ಕೂಡಿಟ್ಟ ಎಂಟು ಸಾವಿರದ ಮುನ್ನೂರು.
ಅದರಾಚೆ ಒಂದು ರೂಪಾಯಿ ಕೇಳಬೇಡಿ.

ಇವರದು ರೆಡಿಮೇಡಿನ ಪಕ್ಷ.
ವಾಶಿಯ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತು ವರ್ಷ ಕೂತವರು:
"ಒಂದೇ ಬಿಲ್ಲು, ಒಂದೇ ವಾರಂಟಿ,
ಕೆಟ್ಟರೆ ಬೈಯಲು ಒಂದೇ ನಂಬರು.
ಏಳು ಅಂಗಡಿಯಿಂದ ಏಳು ಡಬ್ಬ ತಂದರೆ
ಯಾರ ಬಾಗಿಲು ಬಡಿಯುವುದು ಮಾರಾಯ್ತಿ?"

ಮಗಳು ಅನ್ನ ಕಲಸುವುದು ನಿಲ್ಲಿಸಿದಳು.
"ಪಪ್ಪಾ, ಹೊರಗೆ ಗಾಜು, ಬಣ್ಣಬಣ್ಣದ ದೀಪ,
ಪ್ರೊಸೆಸರಿನ ಹೆಸರು ಇಷ್ಟು ದೊಡ್ಡ ಅಕ್ಷರದಲ್ಲಿ.
ಪವರ್ ಸಪ್ಲೈ ಯಾವ ಕಂಪೆನಿಯದ್ದು, ಕೇಳಿ ನೋಡಿ,
ಕೆಮ್ಮುತ್ತಾರೆ.
ಕಾಣದ ಜಾಗದಲ್ಲೇ ಅವರು ಉಳಿಸುವುದು."

ನನ್ನ ಕೈಯ ಸೌಟು ಅಲ್ಲೇ ನಿಂತಿತು.

ರೆಡಿಮೇಡನ್ನು ಬೈಯುವ ಬಾಯಿ ನನಗಿಲ್ಲ.
ಹನ್ನೊಂದು ವರ್ಷದಿಂದ ಬೆಳಗಿನ ಐದಕ್ಕೆ
ದೋಸೆ ಹಿಟ್ಟಿನ ಪಾಕೀಟು ಮಾರುವವಳು ನಾನು.
ಗುಪ್ತೆ ಬಾಯಿ, ಎದುರು ಬಿಲ್ಡಿಂಗಿನ ಸಿಂಧಿ ಸೊಸೆ,
ನೈಟ್ ಡ್ಯೂಟಿ ಮುಗಿಸಿ ಬರುವ ನರ್ಸ್ ಹುಡುಗಿಯರು
ಉಬ್ಬಿದೆಯೇ ಎಂದು ಪಾಕೀಟು ಒತ್ತಿ ನೋಡುತ್ತಾರೆ,
ಅಷ್ಟೇ.
ಉದ್ದಿನ ರೇಟು ಏರಿದ ವಾರ
ಕಾಲು ಪಾವು ಕಡಿಮೆ ಹಾಕಿ
ಅವಲಕ್ಕಿಯ ಕೈ ಜೋರು ಮಾಡಿದ್ದು
ಗ್ರೈಂಡರಿನ ಕಲ್ಲಿಗೆ ಗೊತ್ತು, ನನಗೆ ಗೊತ್ತು.
ದೋಸೆ ಎದ್ದೇ ಎದ್ದಿತು. ಯಾರೂ ಕೇಳಲಿಲ್ಲ.

ಹಾಗಾಗಿ ನನ್ನ ಓಟು ಮಗಳಿಗೆ.
ಕಾರಣ ಮಾತ್ರ ಹೇಳಲಿಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲಿ ಅವಳ ಚೀಟಿ
ನಾಲ್ಕು ಮಡಿಕೆಯಿಂದ ಹದಿನಾರಾಯಿತು.
ಚೌಕಾಸಿಯಲ್ಲಿ ಇವರೇ ಗೆದ್ದರು, ಸೋತ ಪಕ್ಷದವರು;
ಭಾವೇಶನ ಅಂಗಡಿಯಲ್ಲಿ ಡಬ್ಬಕ್ಕೆ ಆರುನೂರು ಇಳಿಸಿ
ಮೀಸೆ ಒರೆಸಿಕೊಂಡರು.
ಪೇಪರಿನಲ್ಲಿ ಸುತ್ತಿದ ಗ್ರಾಫಿಕ್ಸ್ ಕಾರ್ಡೊಂದನ್ನು
ಅವನು ಗಲ್ಲಾದ ಕೆಳಗಿನಿಂದ ತೆಗೆದ: ಎಂಟೇ ತಿಂಗಳು ಓಡಿದ್ದು.
ಜೀವಿತಾ ಅದನ್ನು ಮೂಸಿ ನೋಡಿ
(ಮೀನು ಕೊಳ್ಳುವಾಗ ನಾನು ನೋಡುವ ಹಾಗೆಯೇ)
ವಾಪಸು ಕೊಟ್ಟಳು.
ಹೊಸದಕ್ಕೆ ದುಡ್ಡು ಮುಟ್ಟಲಿಲ್ಲ.

ಲಗೇಜ್ ಡಬ್ಬಿಯಲ್ಲಿ, ಕೊತ್ತಂಬರಿ ಮೂಟೆಗಳ ಸಂದಿಯಲ್ಲಿ
ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು
ಇವರು ಘಾಟಕೋಪರಿನವರೆಗೂ ಉಸಿರು ಬಿಡಲಿಲ್ಲ.

ರಾತ್ರಿ ಹನ್ನೊಂದೂವರೆ. ಫ್ಯಾನು ತಿರುಗಿತು.
ಪಕ್ಕದ ಮನೆಯಿಂದ ತಂದ ಹಳೇ ಟಿವಿ ಕಪ್ಪಾಗಿಯೇ ಇತ್ತು.
ಇವರು "ನಾನು ಹೇಳಿದ್ದೆ" ಎನ್ನಲಿಲ್ಲ,
ನೀರು ಕುಡಿದರು, ತುಸು ಸದ್ದು ಮಾಡಿ.
ಜೀವಿತಾಳ ಗಲ್ಲ ಅಲುಗಿತು.
ನನಗೇನು ತಿಳಿಯುತ್ತದೆ? ಆದರೂ ಬಗ್ಗಿ ನೋಡಿದೆ.
ಆ ಹಸಿರು ಪಟ್ಟಿಯ ಒಂದು ತುದಿ
ಕೂದಲೆಳೆಯಷ್ಟು ಮೇಲೆ ನಿಂತಿತ್ತು.
"ಒತ್ತು ಮಗಾ. ಗ್ಯಾಸಿನ ರೆಗ್ಯುಲೇಟರಿನ ಹಾಗೆ,
ಟಕ್ ಎನ್ನಬೇಕು."

ಟಕ್.

ಕೋಣೆಯೆಲ್ಲ ನೀಲಿ. ಇವರ ಬನಿಯನ್ನೂ ನೀಲಿ.
ಆಟದ ಕಾರು ಮಂಜಿನಲ್ಲಿ ತಡವರಿಸಿ ಓಡಿತು,
ಮರಗಳಿಗೆ ಎಲೆಯಿಲ್ಲ, ಮನುಷ್ಯರಿಗೆ ಮುಖವಿಲ್ಲ.
"ಕಾರ್ಡು ಬಂದ ಮೇಲೆ ಎಲ್ಲ ಕಾಣುತ್ತದೆ,"
ಖಾಲಿ ಸಂದೊಂದನ್ನು ಬೆರಳಿಟ್ಟು ತೋರಿಸಿದಳು,
"ಮುಂದಿನ ಭಿಶಿಗೆ."
ಇವರು ತನಗೊಂದು ಸಲ ಓಡಿಸಲು ಕೊಡೆಂದರು,
ಗೋಡೆಗೆ ಗುದ್ದಿದರು.

ನಾಲ್ಕು ಗಂಟೆಗೆ ಎದ್ದು ಉದ್ದಿನ ಡಬ್ಬ ತೆರೆದೆ.
ಮೂಲೆಯಲ್ಲಿ ಗಾಜಿನಾಚೆ ಪ್ರತಿಯೊಂದು ವಯರೂ ಕಾಣುತ್ತಿತ್ತು,
ಆ ಖಾಲಿ ಸಂದೂ.
ಪಾವು ತುಂಬಿದೆ, ಅಂಚಿನವರೆಗೆ.
ರೇಟು ಮತ್ತೆ ಏರಿದೆ, ಗೊತ್ತು.
ಕೊನೆಗೆ ಎಷ್ಟು ಸುರಿದೆ ಎಂಬುದನ್ನು ಹೇಳುವುದಿಲ್ಲ.